ಅಮ್ಮನ ಹಾಡು ಕೇಳುವ ಮಗು

ವಿಟ್ಬಿ,
೩ ನವೆಂಬರ್ ೧೮೭೧

ಲೆಟಿ,

ಕ್ಷೇಮವಾಗಿ ತಲುಪಿದೆ. ರೈಲಿನಲ್ಲಿ ಎದುರಿಗೆ ಕೂತ ಪಾದ್ರಿಯೊಬ್ಬ ಯಾರ್ಕ್ ಬರುವವರೆಗೂ ಬಾಯಿ ತೆರೆದು ಗೊರಕೆ ಹೊಡೆದ. ನಿನ್ನ ಮನೆಯಲ್ಲಿ ಹತ್ತು ದಿನ ಕಳೆದು ಬಂದವಳಿಗೆ ಆ ಗೊರಕೆಯೂ ಹಿತವಾಗಿತ್ತು. ಯಾರಾದರೂ ನೋಡಿ ಮೆಚ್ಚಲಿ ಅಂತ ಅವನು ಗೊರಕೆ ಹೊಡೆಯುತ್ತಿರಲಿಲ್ಲವಲ್ಲ.

ಕೋಪ ಬಂದರೆ ಬರಲಿ, ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ನಿನ್ನ ಮನೆ ನೋಡಿ ನನಗೆ ವಾಕರಿಕೆ ಬಂತು. ಕೊಳೆಗೆ ಅಲ್ಲ. ಅಷ್ಟು ಚೊಕ್ಕಟವಾದ ಮನೆ ಇಡೀ ಸೇಂಟ್ ಜಾನ್ಸ್ ವುಡ್‌ನಲ್ಲಿ ಇನ್ನೊಂದು ಇರಲಾರದು. ಅಲ್ಲಿಯ ಸುಖ ನೋಡಿ ಬಂತು. ಬೆಳಿಗ್ಗೆ ತಿಂಡಿಗೆ ಕೂತು ಫೀಬಿ ಬ್ರೆಡ್ಡಿಗೆ ಜಾಮ್ ಸವರಿ ಬಾಯಿಗೆ ಒಯ್ಯುವ ಹೊತ್ತಿಗೆ ಸರಿಯಾಗಿ ನಿನ್ನ ಗಂಡ ಕೈ ಎತ್ತುತ್ತಾನೆ. "ಹಾಗೇ ಇರು ಪುಟ್ಟೀ, ಅಲುಗ್ಬೇಡ! ಲೆಟಿ, ನೀನೂ ಅಷ್ಟೇ, ಆ ಟೀ ಕೆಟಲು ಎತ್ತಿದ ಹಾಗೇ ಹಿಡ್ಕೊ!" ಜಾಮ್ ಮಗುವಿನ ತೋಳಿನ ಮೇಲೆ ಇಳಿಯುತ್ತದೆ, ಟೀ ಆರಿ ತಣ್ಣಗಾಗುತ್ತದೆ, ನೀನು ಕೆಟಲು ಹಿಡಿದೇ ನಗುತ್ತಿರುತ್ತೀಯ. ಅವನು ಚಿತ್ರದ ಹಾಳೆಯ ಮೇಲೆ ಗೀಚುತ್ತಾನೆ. ಬೆಂದ ಮೊಟ್ಟೆಯನ್ನೂ ಅವನ ಅಪ್ಪಣೆ ಕೇಳಿ ಒಡೆಯಬೇಕಾದ ಮನೆ ಅದು.

ಈಗ ನಿಜವಾದ ಮಾತಿಗೆ ಬರುತ್ತೇನೆ. ಫೀಬಿ ಅವನ ಕೈ ನೋಡಿ ನಿಲ್ಲುತ್ತಾಳೆ, ಮಾತು ಕೇಳಿ ಅಲ್ಲ. ನಾನು ಹೊರಡುವ ಹಿಂದಿನ ದಿನ ಅವಳ ಬೆನ್ನ ಹಿಂದೆ ಇದ್ದಿಲ ಬುಟ್ಟಿಯ ಕಬ್ಬಿಣದ ಮುಚ್ಚಳ ಬಿತ್ತು. ನಾನು ಬೆಚ್ಚಿಬಿದ್ದೆ, ಬೆಕ್ಕು ಓಡಿತು, ಮಗು ಗೊಂಬೆಗೆ ಅಂಗಿ ತೊಡಿಸುತ್ತಲೇ ಇದ್ದಳು. ಆಮೇಲೆ ನಾನೇ ಬೇಕೆಂದು ಎರಡು ಸಲ ಬೀಳಿಸಿದೆ. ಲೆಟಿ, ಬೇಸಿಗೆಯಲ್ಲಿ ಬಂದ ಆ ಕೆಂಪು ಜ್ವರ ಮಗುವನ್ನು ಬಿಟ್ಟುಹೋಯಿತು ಅಂತ ನೀವು ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿದಿರಿ. ಹೋಗುವಾಗ ಕಿವಿ ಎರಡನ್ನೂ ತೆಗೆದುಕೊಂಡೇ ಹೋಗಿದೆ.

ನನ್ನ ಗುಂಡಿ-ದಾರದ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಮಿಸ್ ಟಿಂಡಾಲ್ ನಿನಗೆ ಗೊತ್ತು. ಮೂವತ್ತು ವರ್ಷ ಕಿವುಡು ಮಕ್ಕಳಿಗೆ ಮಾತು ಕಲಿಸಿದವಳು. ಬಂದ ಕೂಡಲೇ ಅವಳನ್ನು ಕೇಳಿದೆ. "ಐದೂವರೆ ವರ್ಷ ಅಂದ್ರೆ ಕಲ್ತ ಮಾತು ಇನ್ನೊಂದು ವರ್ಷ ಬಾಯಲ್ಲಿ ಉಳಿಯುತ್ತೆ, ಹೆಚ್ಚಿಲ್ಲ. ಅಷ್ಟ್ರಲ್ಲಿ ತಂದ್ರೆ ಉಳಿಸ್ತೀನಿ. ತಡ ಮಾಡಿದ್ರೆ ಒಂದೊಂದೇ ಉದುರಿಹೋಗುತ್ತೆ, ಆಮೇಲೆ ಹುಡುಗಿ ಮೂಗಿ," ಅಂದಳು. ನಾಳೆಯೇ ಮಗುವನ್ನು ಕಳಿಸು. ನೀನೂ ಬಾ.

ನಿನ್ನ ಅಕ್ಕ,
ಡ್ರುಸಿಲ್ಲಾ

*

ಲಂಡನ್,
೧೨ ನವೆಂಬರ್

ಪ್ರೀತಿಯ ಅಕ್ಕ,

ನಿನ್ನ ಕಾಗದ ಅವರ ಕೈಗೆ ಸಿಗದ ಹಾಗೆ ಒಲೆಗೆ ಹಾಕಿದೆ. ಎಷ್ಟು ನೋವಾಯಿತು ಗೊತ್ತೇ?

ಫೀಬಿಗೆ ಕಿವಿ ಸ್ವಲ್ಪ ಮಂದ, ಇಲ್ಲವೆನ್ನುವುದಿಲ್ಲ. ಜ್ವರದ ಸುಸ್ತು, ಮನಸ್ಸು ಎಲ್ಲೋ ಇರುತ್ತದೆ, ವಸಂತ ಬಂದರೆ ಸರಿಹೋಗುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಕರೆದರೆ ಬರುತ್ತಾಳೆ. ಎದುರಿಗೆ ನಿಂತು ಕರೆಯಬೇಕು, ಅಷ್ಟೇ.

ನೀನು ಸುಖವನ್ನು ಯಾವಾಗಲೂ ಖೋಟಾ ನಾಣ್ಯದ ಹಾಗೆ ಕಚ್ಚಿ ನೋಡುವವಳು. ಇವರು ಮದುವೆಗೆ ಮುಂಚೆ ಏನು ಚಿತ್ರ ಬರೆಯುತ್ತಿದ್ದರು, ನೆನಪಿದೆಯೇ? ಮುಳುಗುವ ಹಡಗು, ದಡಕ್ಕೆ ಬಿದ್ದ ಹೆಣ. ಯಾರೂ ತಿರುಗಿ ನೋಡುತ್ತಿರಲಿಲ್ಲ. ಮದುವೆಯಾದ ಮೊದಲ ಚಳಿಗಾಲ ನನಗೆ ನೆಗಡಿ. ಸಾಸಿವೆ ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟು ಅವರ ಕಾಲುಚೀಲ ಹೊಲಿಯುತ್ತ ಕೂತಿದ್ದೆ. ಬಾಗಿಲಲ್ಲಿ ನಿಂತು ನೋಡಿದರು, ಕಣ್ಣಲ್ಲಿ ನೀರು. "ಲೆಟಿ, ನಾನು ಇಷ್ಟು ವರ್ಷ ಸಮುದ್ರದಲ್ಲಿ ಏನು ಹುಡುಕ್ತಿದ್ದೆ?" ಅಂದರು. ಅಲ್ಲಿಂದ ಇವತ್ತಿನವರೆಗೆ ಅವರು ಬರೆದದ್ದೆಲ್ಲ ಈ ಮನೆಯೊಳಗಿನದೇ. ನಾನು, ಫೀಬಿಯ ಮೊದಲ ಸ್ನಾನ, ಅಪ್ಪನ ಚಪ್ಪಲಿ ಹಾಕಿಕೊಂಡು ನಡೆಯುವ ಫೀಬಿ. ಆ ಕಣ್ಣೀರು ಸುಳ್ಳಲ್ಲ ಅಕ್ಕ. ನನ್ನನ್ನು ಅಷ್ಟು ದಿಟ್ಟಿಸಿ ನೋಡಿದ ಮನುಷ್ಯ ಇನ್ನೊಬ್ಬನಿಲ್ಲ.

ಈಗ ಬರೆಯುತ್ತಿರುವುದು 'ಅಮ್ಮನ ಹಾಡು'. ನಾನು ಪಿಯಾನೊ ಮುಂದೆ ಹಾಡುತ್ತೇನೆ, ಫೀಬಿ ಮೊಣಕಾಲ ಬಳಿ ನಿಂತು ನನ್ನ ಮುಖ ನೋಡುತ್ತಾಳೆ. ಅಷ್ಟೇ. ಏಪ್ರಿಲ್‌ನ ಪ್ರದರ್ಶನಕ್ಕೆ ಹೋಗಬೇಕು. ಅದು ಮುಗಿಯಲಿ, ಬೇಸಿಗೆಗೆ ನಿನ್ನ ಹತ್ತಿರ ಕರೆತರುತ್ತೇನೆ.

ನಿನ್ನ ತಂಗಿ,
ಲೆಟಿಷಿಯಾ

*

ಲಂಡನ್,
೨೦ ನವೆಂಬರ್

ಪೂಜ್ಯ ಅತ್ತಿಗೆಯವರಿಗೆ,

ಒಲೆಯಲ್ಲಿ ಅರ್ಧ ಸುಟ್ಟ ಕಾಗದದಲ್ಲಿ ನಿಮ್ಮ ಅಕ್ಷರ ಕಂಡೆ. ನನಗೆ ಸಿಟ್ಟಿಲ್ಲ. ಸುಖವಾಗಿರುವ ಮನುಷ್ಯನಿಗೆ ಸಿಟ್ಟು ಮಾಡಲು ಪುರುಸೊತ್ತೆಲ್ಲಿ?

ನಾನು ದೊಡ್ಡ ಪ್ರತಿಭಾವಂತನಲ್ಲ, ಅತ್ತಿಗೆ. ನನಗಿಂತ ಚೆನ್ನಾಗಿ ಚಿತ್ರದಲ್ಲಿ ಕೈ ಬರೆಯುವವರು, ಬಟ್ಟೆಯ ಮಡಿಕೆ ಬರೆಯುವವರು ಈ ಬೀದಿಯಲ್ಲೇ ಆರು ಮಂದಿ ಇದ್ದಾರೆ. ಅವರ ಮನೆಗೆ ಹೋಗಿ ನೋಡಿ, ಒಬ್ಬನ ಹೆಂಡತಿ ಕುಡಿಯುತ್ತಾಳೆ, ಇನ್ನೊಬ್ಬನ ಮನೆಯಲ್ಲಿ ಊಟದ ಹೊತ್ತಿಗೆ ಪಿಂಗಾಣಿ ಹಾರುತ್ತದೆ. ಅದು ಅವರ ಬಣ್ಣಕ್ಕೆ ಇಳಿಯುತ್ತದೆ. ನನ್ನ ಬಣ್ಣಕ್ಕೆ ಇಳಿಯುವುದು ಲೆಟಿ ಮತ್ತು ಫೀಬಿ. ಜನ ನನ್ನ ಚಿತ್ರ ಕೊಳ್ಳುವುದಿಲ್ಲ, ನನ್ನ ಮನೆಯ ಒಂದು ತುಂಡು ಒಯ್ಯುತ್ತಾರೆ.

ಜ್ವರದ ನಂತರ ಮಗುವಿನ ಮುಖಕ್ಕೆ ಒಂದು ನೋಟ ಬಂದಿದೆ. ತಾಯಿಯ ಮುಖದಿಂದ ಕಣ್ಣು ಕೀಳುವುದೇ ಇಲ್ಲ, ರೆಪ್ಪೆ ಕೂಡ ಬಡಿಯುವುದಿಲ್ಲ. ಮೊದಲು ಎರಡು ನಿಮಿಷ ನಿಲ್ಲದವಳು ಈಗ ಗಂಟೆಗಟ್ಟಲೆ ನಿಲ್ಲುತ್ತಾಳೆ! ಇಂಥ ಭಕ್ತಿ ನಾನು ಯಾವ ಮಗುವಿನ ಮುಖದಲ್ಲೂ ಕಂಡಿಲ್ಲ. ಮಕ್ಕಳ ಮುಖದಲ್ಲಿ ಇಂಥದು ಹೆಚ್ಚು ದಿನ ನಿಲ್ಲದು. ಏಪ್ರಿಲ್‌ವರೆಗೆ ನನಗೆ ಬಿಟ್ಟುಕೊಡಿ. ಲೆಟಿಯ ಮನಸ್ಸು ಕಲಕಬೇಡಿ, ಮುಖದಲ್ಲಿ ಕಾಣುತ್ತದೆ.

ನಿಮ್ಮ ಪ್ರೀತಿಯ,
ಆಂಬ್ರೋಸ್ ಪೆಲ್ಲಿಂಗ್

*

ವಿಟ್ಬಿ,
೯ ಜನವರಿ ೧೮೭೨

ಲೆಟಿ,

ಕ್ರಿಸ್‌ಮಸ್ಸಿಗೆ ಕಳಿಸಿದ ಪುಡಿಂಗ್ ತಲುಪಿತು. ನಿನ್ನ ಗಂಡನ ಕಾಗದವೂ ತಲುಪಿತ್ತು. ಅದನ್ನು ಓದಿ ಕೈ ತೊಳೆದುಕೊಂಡೆ, ನಿಜವಾಗಲೂ ಸೋಪು ಹಚ್ಚಿ.

ಮೊನ್ನೆ ಹೆರಿಂಗ್ ಮೀನು ತರಲು ಬಂದರಿಗೆ ಹೋಗಿದ್ದೆ. ವ್ಯಾಪಾರಿಯ ಗೋಡೆಯ ಮೇಲೆ ನಿನ್ನ ಗಂಡನ 'ಮೊದಲ ಸ್ನಾನ'ದ ಅಚ್ಚುಚಿತ್ರ ತೂಗುಹಾಕಿದೆ. ನಿನ್ನ ಮಗಳು ತೊಟ್ಟಿಯಲ್ಲಿ ಬರಿಮೈಯಲ್ಲಿ ಕೂತಿದ್ದಾಳೆ, ಅವಳ ಹೊಟ್ಟೆಯ ಮೇಲೆ ಮೀನಿನ ಹುರುಪೆ ಅಂಟಿಕೊಂಡಿದೆ. ಮೀನು ಸೀಳುವವನು ಒದ್ದೆ ಹೆಬ್ಬೆರಳಿನಿಂದ ಅದನ್ನು ಒರಸಿ, "ಎಂಥಾ ಮುದ್ದು ಅಲ್ವಾ ಅಮ್ಮಾ?" ಅಂದ. ಅವನದೇನು ತಪ್ಪು? ಹೆತ್ತವರೇ ನೇತುಹಾಕಿದ ಮೇಲೆ ಯಾರು ಬೇಕಾದರೂ ಮುಟ್ಟುತ್ತಾರೆ. ಮೀನು ಕೊಳ್ಳದೆ ಬಂದೆ.

ಆ 'ಭಕ್ತಿ'ಯ ನೋಟದ ಬಗ್ಗೆ ಮಿಸ್ ಟಿಂಡಾಲ್‌ಗೆ ಓದಿ ಹೇಳಿದೆ. ಮುದುಕಿ ಕಾಗದ ಇಸಿದುಕೊಂಡು ತಾನೇ ಇನ್ನೊಮ್ಮೆ ಓದಿದಳು. ಆಮೇಲೆ ಅಂದಳು: "ಅವ್ಳು ತಾಯಿ ತುಟಿ ನೋಡ್ತಿದಾಳೆ. ಕಿವಿ ಹೋದ ಮಕ್ಕಳು ಎಲ್ರೂ ಹಾಗೇ ನೋಡ್ತಾರೆ. ಮಾತೆಲ್ಲಾ ಎಲ್ಲಿ ಹೋಯ್ತು ಅಂತ ಹುಡುಕ್ತಾರೆ." ಕೇಳಿದೆಯಾ? ನಿನ್ನ ಗಂಡ ಗಂಟೆಗಟ್ಟಲೆ ಕೂತು ಬರೆಯುತ್ತಿರುವುದು ಅದನ್ನು. ಮನೆಗೆ ಮಾರಿ, ಊರಿಗೆ ಉಪಕಾರಿ.

ಒಂದು ಕೆಲಸ ಮಾಡು. ಮಗುವಿನ ಹಿಂದೆ ನಿಂತು ಅದೇ ಹಾಡು ಹಾಡು, ತಿರುಗುತ್ತಾಳೋ ನೋಡು. ಅಕ್ಟೋಬರಿನಲ್ಲಿ ಅವಳು ಆಡುತ್ತಿದ್ದ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆ. ಈಗ ಆಡುವುದನ್ನು ಪಕ್ಕದಲ್ಲಿ ಬರೆ. ನನಗೆ ಕಳಿಸಬೇಕಾಗಿಲ್ಲ, ನೀನೇ ಓದಿಕೊ.

ಡ್ರುಸಿಲ್ಲಾ

*

ಲಂಡನ್,
೨೬ ಫೆಬ್ರವರಿ

ಅಕ್ಕ,

ಏಳು ವಾರದಿಂದ ನಿನಗೆ ಬರೆದಿಲ್ಲ. ಬರೆಯಲು ಕೂತಾಗಲೆಲ್ಲ ಏನೋ ಕೆಲಸ ನೆನಪಾಗುತ್ತಿತ್ತು.

ನೀನು ಹೇಳಿದ ಪರೀಕ್ಷೆ ನಾನು ಮಾಡಲಿಲ್ಲ. ಮಾಡುವ ಅಗತ್ಯ ಬೀಳಲಿಲ್ಲ. ಹೋದ ಮಂಗಳವಾರ ಚಿತ್ರಕ್ಕೆ ಕೂತಿದ್ದೆವು. ಅಡಿಗೆಯವಳು ರಾತ್ರಿಗೆ ಕುರಿಮಾಂಸವೋ ಕೋಳಿಯೋ ಅಂತ ಕೇಳಲು ಬಾಗಿಲಿಗೆ ಬಂದವಳು, "ಅಮ್ಮಾವ್ರೇ, ಗಂಟಲು ಕಟ್ಟಿದ್ಯಾ? ಬಾಯಿ ಆಡ್ತಿದೆ, ದನಿನೇ ಇಲ್ಲ!" ಅಂದಳು. ಆಗ ನನಗೆ ತಿಳಿಯಿತು. ನಾನು ಹಾಡುತ್ತಿರಲಿಲ್ಲ ಅಕ್ಕ. ದಿನಕ್ಕೆ ಮೂರು ಗಂಟೆ ಹಾಡಿದರೆ ಗಂಟಲು ನೋಯುತ್ತದೆ ಅಂತ ಯಾವಾಗಲೋ ದನಿ ನಿಲ್ಲಿಸಿದ್ದೆ. ಬರೀ ಬಾಯಿ ಆಡಿಸುತ್ತಿದ್ದೆ. ನವೆಂಬರಿನಿಂದಲೇ ಇರಬೇಕು. ಮಗು ನೋಡುವುದು ನೋಡುತ್ತಲೇ ಇತ್ತು. ಅಂದರೆ ನನಗೆ ಗೊತ್ತಿತ್ತು. ಕೋಣೆಯಲ್ಲಿ ಆರಡಿ ದೂರದಲ್ಲಿ ಕೂತ ಅವರಿಗೂ ಗೊತ್ತಿತ್ತು. ಒಂದು ದಿನವೂ 'ಯಾಕೆ ಹಾಡುತ್ತಿಲ್ಲ' ಅಂತ ಅವರು ಕೇಳಲಿಲ್ಲ.

ನನ್ನ ಬಾಯಿಯ ಮೇಲೆ ನನಗೇ ಹೇಸಿಗೆಯಾಯಿತು. ಆ ಸಂಜೆ ಊಟ ಸೇರಲಿಲ್ಲ.

ಪಟ್ಟಿಯನ್ನೂ ಬರೆದೆ. ಬೆಕ್ಕಿನ ಹೆಸರು ಹೇಳುವುದಿಲ್ಲ, ಬೆರಳು ತೋರಿಸುತ್ತಾಳೆ. 'ನನಗೂ ಬೇಕು' ಅನ್ನುತ್ತಿದ್ದವಳು ಈಗ 'ಬೇಕು' ಅನ್ನುತ್ತಾಳೆ. ರಾತ್ರಿಯ ಪ್ರಾರ್ಥನೆಯಲ್ಲಿ ಅರ್ಧ ಬರೀ ಗುನುಗು. ಪಟ್ಟಿ ಅವರಿಗೆ ತೋರಿಸಿದೆ. ಅತ್ತರು, ನನ್ನ ಮಡಿಲಲ್ಲಿ ತಲೆಯಿಟ್ಟು ಮಗುವಿನ ಹಾಗೆ ಅತ್ತರು. "ಆರು ವಾರ ಕೊಡು ಲೆಟಿ. ಇದು ನನ್ನ ಜೀವಮಾನದ ಚಿತ್ರ. ಮುಗಿದ ದಿನವೇ ಕರ್ಕೊಂಡು ಹೋಗು. ಆದ್ರೆ ಅಲ್ಲೀತನಕ ಯಾರಿಗೂ ತಿಳೀಬಾರ್ದು. ಪೆಲ್ಲಿಂಗ್ ಮನೇಲಿ ಇಂಥದು ಅಂತ ಗೊತ್ತಾದ್ರೆ ನನ್ನ ಹಳೇ ಚಿತ್ರಗಳನ್ನೂ ಜನ ಬೇರೆ ಕಣ್ಣಲ್ಲಿ ನೋಡ್ತಾರೆ," ಅಂದರು. ಮಾತು ಕೊಟ್ಟಿದ್ದೇನೆ. ಆರು ವಾರದಲ್ಲಿ ಏನಾಗಿಬಿಡುತ್ತದೆ?

ಲೆಟಿ

*

ವಿಟ್ಬಿ,
೨೯ ಫೆಬ್ರವರಿ

ಲೆಟಿ,

ಆರು ವಾರದಲ್ಲಿ ಏನಾಗುತ್ತದೆ ಅಂತ ನಿನ್ನ ಪಟ್ಟಿಯನ್ನೇ ಕೇಳು. ಥೂ. ಅವನಿಗೆ ಒಂದು ಥೂ, ನಿನಗೆ ಎರಡು. ಅವನು ಬಣ್ಣದ ಹುಚ್ಚ. ನಿನಗೆ ಏನು ಹುಚ್ಚು? ನೋಡಿಸಿಕೊಳ್ಳುವ ಹುಚ್ಚು. ಒಬ್ಬ ಗಂಡಸು ದಿಟ್ಟಿಸಿ ನೋಡಿದ ಅಂತ ಮಗುವಿನ ನಾಲಿಗೆ ಕೊಟ್ಟು ಕೂತಿದ್ದೀಯ.

ನನ್ನ ಹಾಸಿಗೆಯ ಪಕ್ಕ ಚಿಕ್ಕ ಮಂಚ ಹಾಕಿಸಿದ್ದೇನೆ. ಇನ್ನು ನಾನು ಬರೆಯುವುದಿಲ್ಲ.

ಡ್ರುಸಿಲ್ಲಾ

*

ಲಂಡನ್,
೮ ಏಪ್ರಿಲ್

ಅಕ್ಕ,

ನೀನು ಬರೆಯದಿದ್ದರೂ ನಾನು ಬರೆಯಬೇಕು.

ನಿನ್ನೆ ಚಿತ್ರ ನೋಡುವ ಭಾನುವಾರ. ಪ್ರದರ್ಶನಕ್ಕೆ ಕಳಿಸುವ ಮುಂಚೆ ಈ ಬೀದಿಯ ಚಿತ್ರಕಾರರೆಲ್ಲ ಮನೆ ಬಾಗಿಲು ತೆರೆದಿಡುತ್ತಾರಲ್ಲ, ಜನ ಗಾಡಿ ಕಟ್ಟಿಕೊಂಡು ಮನೆಯಿಂದ ಮನೆಗೆ ಬರುತ್ತಾರಲ್ಲ, ಅದು. ಬೇರೆ ಮನೆಗಳಿಗೆ ಬರೀ ಚಿತ್ರ ನೋಡಲು ಬರುತ್ತಾರೆ. ನಮ್ಮ ಮನೆಗೆ ನಮ್ಮನ್ನೂ ನೋಡಲು ಬರುತ್ತಾರೆ. ಚಿತ್ರದಲ್ಲಿ ತೊಟ್ಟ ಬಟ್ಟೆಯನ್ನೇ ನಾವಿಬ್ಬರೂ ತೊಟ್ಟು ಪಿಯಾನೊ ಹತ್ತಿರ ನಿಲ್ಲಬೇಕು.

ಇವರು ಹೋದ ವಾರವೆಲ್ಲ ಫೀಬಿಗೆ ಒಂದು ಆಟ ಕಲಿಸಿದ್ದರು. ನಾನು ಅವಳ ಎದುರಿಗೆ ನಿಂತಿರಬೇಕು. ಅವರು ಬೆನ್ನ ಹಿಂದಿನಿಂದ "ಫೀಬಿ!" ಅಂತ ಕರೆಯಬೇಕು. ಆ ಕ್ಷಣ ನಾನು ಬೀಸಣಿಗೆ ಮಡಚಬೇಕು. ಮಡಚಿದ್ದನ್ನು ಕಂಡರೆ ಅವಳು ತಿರುಗಿ ಅಪ್ಪನ ಹತ್ತಿರ ಓಡಬೇಕು, ಓಡಿದರೆ ಸಕ್ಕರೆ ಗುಳಿಗೆ. ನಿನ್ನೆ ಮಧ್ಯಾಹ್ನ ಮೂರು ಸಲ ಆ ಆಟ ಆಯಿತು. ಮೂರು ಸಲವೂ ಹೆಂಗಸರು "ಅಯ್ಯೋ ಮುದ್ದೇ!" ಅಂದರು. ಮಗುವಿನ ಕೆನ್ನೆಯೊಳಗೆ ಮೂರು ಗುಳಿಗೆ ಇದ್ದವು, ಜೊಲ್ಲು ಕೆಂಪಾಗಿ ಗದ್ದಕ್ಕೆ ಇಳಿದಿತ್ತು.

ನಾಲ್ಕು ಗಂಟೆಗೆ ಲೇಡಿ ಟ್ರೆಮ್ಲೆಟ್ ಬಂದರು. ಎಪ್ಪತ್ತು ದಾಟಿದ ಹೆಂಗಸು, ಕಿವಿಗೆ ಹಿತ್ತಾಳೆಯ ಕೊಳವೆ ಹಿಡಿದು ಕೇಳುವವರು. ಚಿತ್ರದ ಮುಂದೆ ನಿಂತವರು ಕದಲಲೇ ಇಲ್ಲ. ಕಿವಿ ಕೇಳದವರು ಮಾತಾಡುವ ಹಾಗೆ, ಇಡೀ ಕೋಣೆಗೆ ಕೇಳುವಂತೆ ಅಂದರು:

"ಈ ಮಗೂಗೆ ಕಿವಿ ಕೇಳ್ಸಲ್ಲ."

ಯಾರೋ ಕಿಸಕ್ಕೆಂದು ನಕ್ಕರು. ಅವರು ಲೆಕ್ಕಿಸಲಿಲ್ಲ.

"ನಲವತ್ತು ವರ್ಷದಿಂದ ಊಟದ ಮೇಜಲ್ಲಿ ನಾನೂ ಹೀಗೇ ಕೂತಿದೀನಿ ಕಣಪ್ಪಾ ಪೆಲ್ಲಿಂಗ್, ಎದುರಿನವರ ಬಾಯಿ ನೋಡ್ತಾ. ಇದು ಹಾಡು ಕೇಳೋ ಮುಖ ಅಲ್ಲ. ನೀನು ಬಲು ಚೆನ್ನಾಗಿ ಬರ್ದಿದೀಯ, ಆದ್ರೆ ಇದು ಅದಲ್ಲ."

ಇವರು ನಕ್ಕರು. ಅವರ ನಗು ಎಷ್ಟು ಚೆನ್ನಾಗಿದೆ ಅಂತ ನಿನಗೆ ಗೊತ್ತು. "ನಮ್ಮ ಫೀಬಿಗಾ ತಾಯೀ? ನೀವೇ ನೋಡಿ." ಬಾಗಿಲ ಹತ್ತಿರ ಹೋಗಿ ಕರೆದರು. "ಫೀಬಿ!"

ಮಗು ನನ್ನ ಮುಖ ನೋಡುತ್ತಿತ್ತು. ಕೋಣೆಯಲ್ಲಿ ಇಪ್ಪತ್ತು ಮೂವತ್ತು ಜನ. ಕೈ ಏಳಲಿಲ್ಲ ಅಂತ ಹೇಳಿದರೆ ಸುಳ್ಳಾದೀತು. ಕೈ ಚೆನ್ನಾಗಿಯೇ ಇತ್ತು. ನಾನೇ ಮಡಚಲಿಲ್ಲ.

"ಫೀಬಿ ಚಿನ್ನಾ!" ಅಂತ ಇನ್ನೊಮ್ಮೆ ಕರೆದರು. ನಾನು ಬೀಸಣಿಗೆ ಬಿಚ್ಚಿ ಹಿಡಿದೇ ಇದ್ದೆ. ಮೂರನೆಯ ಸಲ ಅವರು ಕೂಗಿದ್ದು ಬೀದಿಯಲ್ಲಿದ್ದ ಗಾಡಿಯವನಿಗೂ ಕೇಳಿರಬೇಕು. ಮಗು ಅಲುಗಲಿಲ್ಲ. ನನ್ನ ಬಾಯಿ ಈಗ ತೆರೆಯುತ್ತದೆ, ಈಗ ತೆರೆಯುತ್ತದೆ ಅಂತ ಕಾಯುತ್ತಿತ್ತು. ಜನ ಟೋಪಿ, ಕೊಡೆ ಹುಡುಕಿಕೊಳ್ಳತೊಡಗಿದರು. ಲೇಡಿ ಟ್ರೆಮ್ಲೆಟ್ ಹೋಗುವಾಗ ನನ್ನ ಭುಜ ಮುಟ್ಟಿದರು.

ಎಲ್ಲರೂ ಹೋದ ಮೇಲೆ ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಇವತ್ತು ಇಲ್ಲೇ ಇರುತ್ತಿದ್ದೆನೋ ಏನೋ. ನಾನು ಪಿಯಾನೊ ಸ್ಟೂಲಿನ ಮೇಲೆ ಕುಸಿದು ಫೀಬಿಯನ್ನು ಅಪ್ಪಿಕೊಂಡು ಅಳುತ್ತಿದ್ದೆ. ಅವರೂ ಗೋಡೆಗೆ ಒರಗಿ ಅಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವರ ಬಿಕ್ಕು ನಿಂತಿತು. ತಲೆ ಎತ್ತಿದೆ. ಇದ್ದಿಲ ಕಡ್ಡಿ ಕೈಯಲ್ಲಿತ್ತು. ಕೆನ್ನೆಯ ಮೇಲೆ ಇನ್ನೂ ನೀರಿತ್ತು ಅಕ್ಕ, ಆ ಕಣ್ಣೀರು ನಿಜವಾದದ್ದೇ. ಮೆಲ್ಲಗೆ, ಬಹಳ ಪ್ರೀತಿಯಿಂದ ಕೇಳಿದರು:

"ಲೆಟಿ, ಮುಖ ಒಂಚೂರು ಕಿಟಕಿ ಕಡೆ ತಿರುಗಿಸ್ತೀಯಾ?"

ಬುಧವಾರ ಬೆಳಗಿನ ರೈಲಿಗೆ ಬರುತ್ತೇವೆ. ಎರಡು ಪೆಟ್ಟಿಗೆ ಇವೆ, ಒಬ್ಬ ಕೂಲಿಯವನನ್ನು ಗೊತ್ತುಮಾಡು.

ಲೆಟಿ

*

ವಿಟ್ಬಿ,
೧೪ ಸೆಪ್ಟೆಂಬರ್ ೧೮೭೨

ಆಂಬ್ರೋಸ್ ಅವರಿಗೆ,

ನಿಮ್ಮ ನಾಲ್ಕೂ ಕಾಗದಗಳು ಬಂದಿವೆ. ಲೆಟಿ ಓದಿದ್ದಾಳೆ. ಉತ್ತರ ಬರೆಯಲು ಅವಳಿಗೆ ಮನಸ್ಸಿಲ್ಲ, ನನಗೆ ಮೊದಲಿನಿಂದಲೂ ಇದೆ.

ಚಿತ್ರಕ್ಕೆ 'ಕೇಳಿಸದ ಹಾಡು' ಅಂತ ಹೊಸ ಹೆಸರು ಕೊಟ್ಟು ಕಳಿಸಿದಿರಂತೆ. ಜನ ಮೈಮೇಲೆ ಬೀಳದಿರಲಿ ಅಂತ ಮುಂದೆ ಕಟಕಟೆ ಹಾಕಿದರಂತೆ. ಹೆಂಗಸರು ಕರವಸ್ತ್ರ ಹಿಂಡಿಕೊಂಡು ಹೊರಗೆ ಬಂದರಂತೆ. ಮುಚ್ಚಿಟ್ಟಾಗಲೂ ನಿಮಗೆ ಲಾಭ, ಬಯಲಾದಾಗಲೂ ನಿಮಗೇ ಲಾಭ. ಪೇಪರಿನಲ್ಲಿ ಓದಿ ನನಗೆ ಬಂದ ಅಸಹ್ಯವನ್ನು ಬರೆಯಲು ಒಳ್ಳೆಯ ಮನೆತನದ ಮಾತು ಸಾಲದು, ಬಿಡಿ.

ಈಗ ಮನೆ ಖಾಲಿ, ಕುಂಚ ಏಳುತ್ತಿಲ್ಲ, ಹಡಗು ಬರೆಯಲು ಹೋದರೆ ಹಡಗೂ ಬರುತ್ತಿಲ್ಲ ಅಂತ ಬರೆದಿದ್ದೀರಿ. ಅದು ಸುಳ್ಳಲ್ಲ ಅಂತ ನನಗೆ ಗೊತ್ತು. ನಿಮಗೆ ಅವರ ಮೇಲೆ ಪ್ರೀತಿ ಇಲ್ಲವೆಂದು ನಾನು ಯಾವತ್ತೂ ಹೇಳಿಲ್ಲ. ಆದರೆ ಇಲ್ಲಿಗೆ ಬಂದು ಮಿಸ್ ಟಿಂಡಾಲ್ ಪಾಠ ಹೇಳುವುದನ್ನು ಬರೆಯುತ್ತೇನೆ ಅಂತ ಹೇಳಿ, ಕಿಟಕಿಯ ಬೆಳಕು ಯಾವ ದಿಕ್ಕಿನಿಂದ ಬೀಳುತ್ತದೆ ಅಂತ ಕೇಳಿದ್ದೀರಲ್ಲ, ಅದಕ್ಕೆ ಉತ್ತರ: ಹೇಳುವುದಿಲ್ಲ.

ಪಾಠ ಹೇಗೆ ನಡೆಯುತ್ತದೆ ಅಂತ ಬೇಕಾದರೆ ಹೇಳುತ್ತೇನೆ. ಫೀಬಿ ಒಂದು ಕೈ ಮುದುಕಿಯ ಗಂಟಲ ಮೇಲೆ ಇಡುತ್ತಾಳೆ, ಒಂದು ಕೈ ತನ್ನ ಗಂಟಲ ಮೇಲೆ. ಎರಡೂ ಕಡೆ ಒಂದೇ ಥರ ಅದುರುವವರೆಗೆ ಬಿಡುವುದಿಲ್ಲ. ಎಂಜಲು ಸಿಡಿಯುತ್ತದೆ, ಮೂಗು ಸುರಿಯುತ್ತದೆ, ಮುಖ ಸೊಟ್ಟಗಾಗುತ್ತದೆ, ಸಿಟ್ಟು ಬಂದು ಕನ್ನಡಿಗೆ ಗುದ್ದುತ್ತಾಳೆ. ನೋಡಲು ಚೆನ್ನಾಗಿರುವುದಿಲ್ಲ. ಹೋದ ಹನ್ನೊಂದು ಮಾತಿನಲ್ಲಿ ಏಳು ವಾಪಸು ಬಂದಿವೆ. ನಾಲ್ಕು ಬರಲಾರವು ಅಂತ ಮುದುಕಿ ಹೇಳುತ್ತಾಳೆ. ಆ ನಾಲ್ಕು ನಿಮ್ಮ ಆರು ವಾರದ್ದು.

ಶುಕ್ರವಾರ ಯಾರೂ ಕೇಳದೆ ಅವಳೇ 'ಅಪ್ಪ' ಅಂದಳು. ದನಿ ಬಂದರಿನ ಹಕ್ಕಿ ಅರಚಿದ ಹಾಗೆ, ಒರಟು. ಲೆಟಿ ಎದ್ದು ಅಂಗಳಕ್ಕೆ ಹೋದಳು. ಮಗು ಬಾಗಿಲು ನೋಡಿತು, ನನ್ನನ್ನು ನೋಡಿತು, ಮತ್ತೆ ಅಂದಿತು. ಆ ಸದ್ದನ್ನು ಯಾವ ಬಣ್ಣದಲ್ಲೂ ಬರೆಯಲಿಕ್ಕಾಗದು ಆಂಬ್ರೋಸ್. ಕೇಳಬೇಕೆಂದಿದ್ದರೆ ಬಂದು ಕಿವಿಯಿಂದ ಕೇಳಬೇಕು.

ಶನಿವಾರದ ರೈಲಿಗೆ ಬನ್ನಿ. ನಾನೇ ನಿಲ್ದಾಣಕ್ಕೆ ಬಂದಿರುತ್ತೇನೆ, ಇಳಿದ ಕೂಡಲೇ ನಿಮ್ಮ ಕೈ ನೋಡುತ್ತೇನೆ, ಕೋಟಿನ ಜೇಬೂ ನೋಡುತ್ತೇನೆ. ಒಂದು ಸೀಸದ ಕಡ್ಡಿ ಸಿಕ್ಕರೂ ಅದೇ ರೈಲು ಅರ್ಧ ಗಂಟೆಗೆ ವಾಪಸು ಹೊರಡುತ್ತದೆ.

ಡ್ರುಸಿಲ್ಲಾ ಥಾಕ್ರಿ